ತೊದಲು ಕಡಿಮೆಯಾಗಿದೆ ಅಂದಾಗ ಕೇಳಬೇಕಾದ ಪ್ರಶ್ನೆ

ನಾಲ್ಕನೇ ತರಗತಿಯ ಮೇಷ್ಟ್ರು, ಮೇಡಂಗಳ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತೊಂದಿದೆ. "ಅವನಾ ಸಾರ್? ಮೊದ್ಲು ಭಾಳ ತೊದಲ್ತಿದ್ದ. ಈಗ ಪರವಾಗಿಲ್ಲ, ಸುಧಾರಿಸಿದಾನೆ." ಜಗಳೂರು ಕಡೆಯ ಹಳ್ಳಿ ಶಾಲೆಯಾಗಲಿ, ದಾವಣಗೆರೆ ಊರೊಳಗಿನ ಶಾಲೆಯಾಗಲಿ, ಮಾತು ಇದೇ. ಹೇಳುವವರದು ಒಳ್ಳೆಯ ಮನಸ್ಸೇ. ಆದರೆ ಅದೇ ಹುಡುಗನನ್ನು ಒಂದು ಬೆಳಿಗ್ಗೆ ಪೂರ್ತಿ ಹಿಂದಿನ ಸಾಲಲ್ಲಿ ಕೂತು ಗಮನಿಸಿ ನೋಡಿ. ಪ್ರಾರ್ಥನೆಯಿಂದ ಬಿಸಿಯೂಟದ ಗಂಟೆಯವರೆಗೆ ಅವನೊಬ್ಬನೇ ಆಡಿದ ಮಾತು ಎರಡೋ ಮೂರೋ ಇರುತ್ತವೆ. ಅವೂ "ಹ್ಞೂಂ ಸಾರ್", "ಗೊತ್ತಿಲ್ಲ ಸಾರ್" ಅನ್ನುವಂಥವು. ತೊದಲು ಕಡಿಮೆಯಾಗಿದೆ ನಿಜ, ಯಾಕೆಂದರೆ ಮಾತೇ ಕಡಿಮೆಯಾಗಿದೆ.

ಜೋರಾಗಿ, ಎಲ್ಲರ ಮುಂದೆ, ಕಣ್ಣು ಮಿಟುಕಿಸಿಕೊಂಡು ತೊದಲುವ ಮಗುವಿನ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಅದು ಇನ್ನೂ ಮಾತಾಡುತ್ತಿದೆ, ಕೈ ಎತ್ತುತ್ತಿದೆ, ಜಗಳವಾಡುತ್ತಿದೆ. ಭಯವಾಗುವುದು ಸದ್ದಿಲ್ಲದೆ "ಸುಧಾರಿಸಿದ" ಮಗುವನ್ನು ಕಂಡಾಗ.

ಚಿತ್ರದುರ್ಗ ಜಿಲ್ಲೆಯ ಒಂದು ಶಾಲೆಯಲ್ಲಿ ಕಂಡದ್ದು ಇದು. ಗಣಿತದ ಪೀರಿಯಡ್. ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಮಗ್ಗಿ ಕೇಳುತ್ತಿದ್ದಾರೆ. "ಆರಾರ್ಲೆ?" ಹುಡುಗ ಎದ್ದು ನಿಂತ. ತುಟಿ ಒತ್ತಿ ಹಿಡಿದಂತೆ ಮುಚ್ಚಿಕೊಂಡವು, ಗದ್ದ ಸಣ್ಣಗೆ ನಡುಗಿತು, ಸದ್ದು ಮಾತ್ರ ಹೊರಗೆ ಬರಲಿಲ್ಲ. ಆಮೇಲೆ ಥಟ್ಟನೆ "ಇಪ್ಪತ್ನಾಲ್ಕು" ಅಂದ. ಕ್ಲಾಸು ನಕ್ಕಿತು, ಮೇಷ್ಟ್ರು ಪಕ್ಕದವನನ್ನು ಎಬ್ಬಿಸಿದರು. ಇವನು ಕೂತು ಅಂಗೈಯಿಂದ ಸ್ಲೇಟು ಒರೆಸಿಕೊಂಡ. ಒರೆಸುವ ಮೊದಲು ಅಲ್ಲಿದ್ದದ್ದು 36. ಪ್ರಶ್ನೆ ಬಂದ ಕೂಡಲೇ ಬರೆದಿಟ್ಟಿದ್ದ. 'ಮೂ' ಅಕ್ಷರದ ಮೇಲೆ ಮಾತು ಕಟ್ಟಿಕೊಳ್ಳುತ್ತದೆ, 'ಇ' ಸಲೀಸು. ತಪ್ಪುತ್ತರ ಹೇಳಿದರೆ ಒಂದು ನಗು, ಸರಿಯುತ್ತರಕ್ಕೆ ಹೋಗಿ ಸಿಕ್ಕಿಕೊಂಡರೆ ಇನ್ನೂ ದೊಡ್ಡ ನಗು. ಒಂಬತ್ತು ವರ್ಷದ ಹುಡುಗ ಅಷ್ಟರಲ್ಲೇ ಲೆಕ್ಕ ಹಾಕಿ ಅಗ್ಗದ್ದನ್ನು ಆರಿಸಿಕೊಂಡಿದ್ದ. ಹತ್ತು ನಿಮಿಷ ಬಿಟ್ಟು ಇಡೀ ಕ್ಲಾಸು ಒಟ್ಟಿಗೆ ಮಗ್ಗಿ ಹೇಳಿತು. "ಆರಾರ್ಲೆ ಮೂವತ್ತಾರು" ಅನ್ನುವಾಗ ಅವನ ದನಿ ಎಲ್ಲರಿಗಿಂತ ಮೇಲಿತ್ತು, ಒಂದಕ್ಷರವೂ ತಡವರಿಸಲಿಲ್ಲ.

ಈ ಎರಡನೆಯದನ್ನು ನೋಡಿಯೇ ಅನೇಕರು ಎಡವುವುದು. "ಎಲ್ಲರ ಜೊತೆ ಹೇಳುವಾಗ ಬರುತ್ತೆ, ಕೇಳಿದಾಗ ಬರಲ್ಲ ಅಂದ್ರೆ ನಾಟಕ ತಾನೇ?" ನಾಟಕವಲ್ಲ. ಗುಂಪಿನಲ್ಲಿ ಒಟ್ಟಿಗೆ ಓದುವಾಗ, ಹಾಡುವಾಗ ತೊದಲು ಹೆಚ್ಚುಕಡಿಮೆ ಮಾಯವಾಗುವುದು ಇದರ ಗುಣವೇ. ಪಿಸುಗುಟ್ಟುವಾಗ, ಒಬ್ಬನೇ ಇರುವಾಗ, ಮನೆಯ ಕರುವಿನ ಜೊತೆ ಮಾತಾಡುವಾಗಲೂ ಬಹಳ ಮಕ್ಕಳಿಗೆ ಹಾಗೇ. ಕಾರಣ ಏನೆಂಬುದರ ಬಗ್ಗೆ ತಜ್ಞರಲ್ಲಿ ವಾದಗಳಿವೆ, ಹೀಗಾಗುತ್ತದೆ ಎಂಬುದರ ಬಗ್ಗೆ ಇಲ್ಲ. ಹಾಗಾಗಿ ಹಾಡಿನಲ್ಲಿ ಸರಾಗವಾಗಿರುವುದು ಮಗು ಸುಳ್ಳು ಹೇಳುತ್ತಿದೆ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ನಾಲಿಗೆ ಸರಿಯಾಗಿದೆ ಎಂಬುದಕ್ಕೆ ಮಾತ್ರ ಸಾಕ್ಷಿ.

ಮೂರನೇ ತರಗತಿಯವರೆಗೆ ಇಲ್ಲದ್ದು ನಾಲ್ಕರಲ್ಲಿ

ತೊದಲು ಸಾಮಾನ್ಯವಾಗಿ ಶುರುವಾಗುವುದು 2ರಿಂದ 5 ವರ್ಷದೊಳಗೆ, ಮಗು ಉದ್ದುದ್ದ ವಾಕ್ಯ ಕಟ್ಟತೊಡಗಿದಾಗ. ನೂರರಲ್ಲಿ ಐದಕ್ಕೂ ಹೆಚ್ಚು ಮಕ್ಕಳಿಗೆ ಒಂದಲ್ಲ ಒಂದು ಹಂತದಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಅವರಲ್ಲಿ ಮುಕ್ಕಾಲು ಪಾಲು ಮಕ್ಕಳಲ್ಲಿ ತಾನಾಗಿಯೇ ಹೋಗುತ್ತದೆ. ದೊಡ್ಡವರಾದ ಮೇಲೂ ಉಳಿಯುವುದು ನೂರಕ್ಕೆ ಒಬ್ಬರಲ್ಲಿ. ಹುಡುಗಿಯರಲ್ಲಿ ಬೇಗ ಹೋಗುವುದು ಹೆಚ್ಚು, ಆದ್ದರಿಂದ ಶಾಲೆಯ ವಯಸ್ಸಿಗೆ ಬರುವಷ್ಟರಲ್ಲಿ ತೊದಲುವ ಹುಡುಗರು ಹುಡುಗಿಯರ ಮೂರು ನಾಲ್ಕು ಪಟ್ಟು ಕಾಣುತ್ತಾರೆ. ಮಾವನಿಗೋ ಅಜ್ಜನಿಗೋ ಇದ್ದರೆ, ಮೂರೂವರೆ ವರ್ಷ ದಾಟಿದ ಮೇಲೆ ಶುರುವಾಗಿದ್ದರೆ, ಶುರುವಾಗಿ ಒಂದು ವರ್ಷ ಕಳೆದರೂ ಇದ್ದರೆ, ಅದು ಉಳಿಯುವ ಸಂಭವ ಜಾಸ್ತಿ. ಹೆದರಿಕೆಯಿಂದ ಬಂತು, ತೊದಲುವವನ ಜೊತೆ ಆಡಿ ಅಂಟಿಕೊಂಡಿತು, ತಾಯಿ ಗದರಿಸಿದ್ದರಿಂದ ಬಂತು ಎಂಬವೆಲ್ಲ ಹುರುಳಿಲ್ಲದವು. ಮಾತಿನ ಚಲನೆಗಳನ್ನು ಮೆದುಳು ಜೋಡಿಸುವ ಬಗೆಯಲ್ಲಿ ವ್ಯತ್ಯಾಸವಿದೆ, ಅದರಲ್ಲಿ ವಂಶದ ಪಾಲು ದೊಡ್ಡದು. ಹೆದರಿಕೆ ಇದ್ದದ್ದನ್ನು ಹೆಚ್ಚಿಸಬಲ್ಲದು, ಹುಟ್ಟಿಸಲಾರದು.

ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ತಟ್ಟೆ ತಟ್ಟೆಯಾಗಿ, ಅಂದರೆ ಸಣ್ಣ ಸಣ್ಣ ಗುಂಪುಗಳಾಗಿ ಕೂತು ತಂತಮ್ಮ ಕಾರ್ಡಿನ ಕೆಲಸ ಮಾಡಿಕೊಳ್ಳುತ್ತಾರೆ. ಎದ್ದು ನಿಂತು ಎಲ್ಲರೆದುರು ಓದುವ ಪ್ರಮೇಯ ಕಡಿಮೆ. ಮೇಡಂ ನೆಲದ ಮೇಲೆ ಕೂತು ಒಬ್ಬನ ಹತ್ತಿರವೇ ಓದಿಸಿಕೊಳ್ಳುತ್ತಾರೆ. ತೊದಲುವ ಮಗುವಿಗಾಗಿ ಮಾಡಿದ ಪದ್ಧತಿಯೇನಲ್ಲ ಅದು, ಆದರೂ ಅವನಿಗೆ ಅನುಕೂಲವಾಗಿಯೇ ಇದೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಸಾಲು, ಸರದಿ, ಎದ್ದು ನಿಲ್ಲುವುದು, "ಗಟ್ಟಿಯಾಗಿ ಓದು" ಎಲ್ಲ ಒಟ್ಟಿಗೆ ಬರುತ್ತವೆ. ಮಗುವಿಗೂ ಅದೇ ವಯಸ್ಸಿನಲ್ಲಿ ಉಳಿದವರು ತನ್ನನ್ನು ಹೇಗೆ ನೋಡುತ್ತಿದ್ದಾರೆಂಬುದು ಚೆನ್ನಾಗಿ ತಿಳಿಯತೊಡಗುತ್ತದೆ. ಮಾತು ಅಡಗುವುದು ಆ ವರ್ಷದಲ್ಲಿ. ಏನಾದರೂ ಮಾಡುವುದಿದ್ದರೆ ಮೂರನೇ ತರಗತಿಯ ಕೊನೆಗೇ ಶುರು ಮಾಡಬೇಕು.

ಎಣಿಸುವುದಾದರೆ

ಎಣಿಸಿ ಅಂದರೆ ಎಲ್ಲರೂ ತೊದಲನ್ನೇ ಎಣಿಸುತ್ತಾರೆ. ಅದಕ್ಕೂ ಒಂದು ಕ್ರಮವಿದೆ. ಮಗುವಿನ ಮಾತನ್ನು ಐದು ನಿಮಿಷ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ (ಅವನಿಗೆ ಹೇಳಿಯೇ), ಸುಮಾರು 300 ಅಕ್ಷರಗಳಷ್ಟು ಮಾತನ್ನು ಆರಿಸಿಕೊಳ್ಳಿ. ಅಕ್ಷರವೋ ಪದದ ತುಣುಕೋ ಮರುಕಳಿಸಿದ್ದು ("ಕ-ಕ-ಕಡಲೆ"), ಎಳೆದದ್ದು ("ಸ್‌ಸ್‌ಸಾರ್"), ಸದ್ದೇ ಇಲ್ಲದೆ ಕಟ್ಟಿಕೊಂಡದ್ದು, ಈ ಮೂರನ್ನು ಮಾತ್ರ ಗುರುತು ಹಾಕಿ. "ನಾನು ನಾನು", "ಅದು, ಅಂದ್ರೆ" ಅಂತ ಇಡೀ ಪದ ಮರಳುವುದು, ತಡವರಿಸುವುದು ಎಲ್ಲ ಮಕ್ಕಳೂ ಮಾಡುವಂಥದು, ಅದನ್ನು ಸೇರಿಸಬೇಡಿ. 100 ಅಕ್ಷರಕ್ಕೆ 3ಕ್ಕಿಂತ ಹೆಚ್ಚು ಬಂದರೆ ತಜ್ಞರಿಗೆ ತೋರಿಸಬೇಕಾದ ತೊದಲು ಎಂದು ಲೆಕ್ಕ. ಆದರೆ ಒಂದೇ ದಿನದ ಎಣಿಕೆಯನ್ನು ನಂಬಬೇಡಿ. ಈ ವಾರ ಸರಾಗ, ಮುಂದಿನ ವಾರ ಬಾಯೇ ಬಿಡಲಾಗದು, ಹೀಗೆ ಏರಿಳಿಯುವುದು ಇದರ ಸ್ವಭಾವ. ಆ ಇಳಿತವನ್ನೇ "ವಾಸಿಯಾಯ್ತು" ಎಂದುಕೊಂಡು ಯಾವುದೋ ತಾಯಿತಕ್ಕೆ, ಯಾವುದೋ ಕಷಾಯಕ್ಕೆ ಹೆಸರು ಬಂದುಬಿಡುತ್ತದೆ.

ಶಾಲೆಯವರು ಎಣಿಸಬೇಕಾದ್ದು ಇನ್ನೊಂದು: ಮಗು ದಿನಕ್ಕೆ ಎಷ್ಟು ಸಲ ತಾನಾಗಿ ಮಾತಾಡಿತು, ಎಷ್ಟು ಸಲ ಕೈ ಎತ್ತಿತು, ಎಷ್ಟು ಸಲ "ಗೊತ್ತಿಲ್ಲ" ಅಂತು, ಆ "ಗೊತ್ತಿಲ್ಲ"ಗಳಲ್ಲಿ ಎಷ್ಟು ಬರವಣಿಗೆಯಲ್ಲಿ ಗೊತ್ತಿದ್ದವು. ಹಾಜರಿ ಪುಸ್ತಕದ ಹಿಂದೆ ಒಂದು ಹಾಳೆಯಲ್ಲಿ ಮೂರು ದಿನ ಗೀಟು ಹಾಕಿದರೆ ಸಾಕು, ಮತ್ತೆ ಎರಡು ತಿಂಗಳಿಗೊಮ್ಮೆ. ಮೊದಲ ಅಂಕಿ ಏರುತ್ತಿದ್ದರೆ ತೊದಲು ಹೆಚ್ಚಿದಂತೆ ಕಂಡರೂ ಮಗು ಸರಿದಾರಿಯಲ್ಲಿದೆ. ಇದನ್ನು ಅಪ್ಪ-ಅಮ್ಮನಿಗೆ ಮೊದಲೇ ಹೇಳಿಡಬೇಕು. ಇಲ್ಲದಿದ್ದರೆ "ನಿಮ್ಮ ಶಾಲೆಗೆ ಬಂದ್ಮೇಲೆ ಜಾಸ್ತಿ ಆಯ್ತು ಮೇಡಂ" ಅಂತ ಬಂದು ನಿಲ್ಲುತ್ತಾರೆ.

ಸರದಿ ಎಂಬ ಕಷ್ಟ

ಹಾಜರಿಯಲ್ಲಿ ತನ್ನ ನಂಬರು ಬರುವವರೆಗೆ, ಓದಿನಲ್ಲಿ ತನ್ನ ಸಾಲು ಬರುವವರೆಗೆ ಕಾಯುತ್ತಾ ಕೂರುವುದು ತೊದಲುವ ಮಗುವಿಗೆ ಓದಿಗಿಂತ ದೊಡ್ಡ ಶಿಕ್ಷೆ. ಅವನು ಪಾಠ ಕೇಳುತ್ತಿರುವುದಿಲ್ಲ, ಮುಂದೆ ಕೂತವರನ್ನು ಎಣಿಸಿ ತನಗೆ ಯಾವ ಪ್ಯಾರಾ ಬರುತ್ತದೆಂದು ಹುಡುಕಿ ಅದರಲ್ಲಿನ ಕಷ್ಟದ ಪದಗಳನ್ನು ನೋಡುತ್ತಿರುತ್ತಾನೆ. ಸರಿಯಾಗಿ ಅವನ ಸರದಿಗೆ ನೀರು ಕುಡಿಯಲು, ಒಂದಕ್ಕೆ ಹೋಗಲು ಕೇಳುವುದನ್ನು ಎಷ್ಟು ಮೇಷ್ಟ್ರುಗಳು ಸೋಮಾರಿತನ ಅಂದುಕೊಂಡಿಲ್ಲ! ಅವನ ಸರದಿಯನ್ನು ಸದ್ದಿಲ್ಲದೆ ದಾಟಿಸಿಬಿಡುವುದೂ ಸರಿಯಲ್ಲ. ಅದು ಕರುಣೆಯಿಂದ ಮಾಡಿದ್ದೇ ಇರಬಹುದು, ಮಗುವಿಗೆ ಮಾತ್ರ "ನಿನ್ನ ಕೈಲಾಗಲ್ಲ" ಅಂತಲೇ ಕೇಳಿಸುತ್ತದೆ.

ಹಾಜರಿಗೆ ಸುಲಭ ದಾರಿಯಿದೆ: ಇಡೀ ಕ್ಲಾಸಿಗೇ ರೀತಿ ಬದಲಿಸಿ. ಒಂದು ವಾರ ಕೈ ಎತ್ತುವುದು, ಇನ್ನೊಂದು ವಾರ ಹೆಸರಿನ ಚೀಟಿಯನ್ನು ಗೋಡೆಯ ಜೇಬಿಗೆ ಹಾಕುವುದು, ಮತ್ತೊಂದು ವಾರ "ಯೆಸ್ ಸಾರ್", "ಬಂದಿದೀನಿ", "ನಮಸ್ಕಾರ" ಇವುಗಳಲ್ಲಿ ಇಷ್ಟವಾದದ್ದು ಹೇಳುವುದು. ಅವನೊಬ್ಬನಿಗೆ ಮಾತ್ರ ವಿನಾಯಿತಿ ಕೊಟ್ಟರೆ ಮಾರನೇ ದಿನವೇ ಅದಕ್ಕೊಂದು ಅಡ್ಡಹೆಸರು ಹುಟ್ಟುತ್ತದೆ. ತಮ್ಮ ಹೆಸರು ಹೇಳುವುದೇ ಈ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ, ಬೇರೆ ಪದ ಬದಲಿಸಿ ಹೇಳಲು ಅಲ್ಲಿ ಅವಕಾಶವೇ ಇಲ್ಲವಲ್ಲ. ಸಿಆರ್‌ಪಿ, ಬಿಇಒ ಥರದ ಶಿಕ್ಷಣ ಇಲಾಖೆಯವರು ಭೇಟಿಗೆ ಬಂದು "ನಿನ್ನ ಹೆಸರೇನಪ್ಪಾ?" ಎಂದಾಗ ಬಾಯಿ ಕಟ್ಟಿದವನನ್ನು "ಹೆಸರೂ ಬರಲ್ವಾ?" ಅಂದುಬಿಟ್ಟರೆ ಒಂದು ವರ್ಷದ ಕೆಲಸ ನೀರುಪಾಲು. ಬಂದವರಿಗೆ ಬಾಗಿಲಲ್ಲೇ ಒಂದು ಮಾತು ಹೇಳಿಡಿ.

ಓದಿಗೆ ಜೋಡಿ ಓದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅರ್ಧಂಬರ್ಧ ಮಾಡಿದರೆ ಕೆಡುತ್ತದೆ. ಇಡೀ ತರಗತಿಯನ್ನು ಇಬ್ಬಿಬ್ಬರಾಗಿ ಕೂರಿಸಿ, ದಿನಕ್ಕೆ ಹತ್ತು ನಿಮಿಷ. ತೊದಲುವವನಿಗೆ ಕ್ಲಾಸಿನ ಅತಿ ಚುರುಕು ಓದುಗನನ್ನು ಜೋಡಿ ಮಾಡಬೇಡಿ. ಆ ಹುಡುಗ ಓಡುತ್ತಾನೆ, ಇವನು ಹಿಂದೆ ಬಿದ್ದು ಇನ್ನಷ್ಟು ಕಟ್ಟಿಕೊಳ್ಳುತ್ತಾನೆ. ಇವನಷ್ಟೇ ಅಥವಾ ಇವನಿಗಿಂತ ನಿಧಾನವಾಗಿ ಓದುವವರು ಬೇಕು. ಮೊದಲ ವಾರ ಇಬ್ಬರೂ ಪ್ಯಾರಾ ಪೂರ್ತಿ ಒಟ್ಟಿಗೇ ಓದಲಿ. ಎರಡನೇ ವಾರದಿಂದ, ಇವನು ಬೆಂಚು ಒಮ್ಮೆ ತಟ್ಟಿದರೆ ಜೊತೆಗಾರ ನಿಲ್ಲಿಸಬೇಕು, ಇವನು ಒಬ್ಬನೇ ಮುಂದುವರಿಯುತ್ತಾನೆ. ಮತ್ತೆ ತಟ್ಟಿದರೆ ಜೊತೆಗಾರ ಅದೇ ಪದದಿಂದ ಸೇರಿಕೊಳ್ಳುತ್ತಾನೆ. ತಟ್ಟುವ ಹಕ್ಕು ಇವನದು. ಇಲ್ಲೇ ಎಡವಟ್ಟಾಗುವುದು: ಇವನು ತಡೆದ ಕೂಡಲೇ ಜೊತೆಗಾರ ತಾನಾಗಿ ಪದ ಹೇಳಿಬಿಡುತ್ತಾನೆ. ಅದು ಬೇಡವೆಂದು ಮೊದಲೇ ಎಲ್ಲ ಜೋಡಿಗಳಿಗೂ ಹೇಳಿರಬೇಕು. ಒಬ್ಬನೇ ಓದುವುದು ಎರಡು ಸಾಲಿಂದ ಶುರುವಾಗಿ ಒಂದು ಪ್ಯಾರಾ ಆಗಲು ಒಂದು ಟರ್ಮ್ ಹಿಡಿದರೂ ಅವಸರ ಬೇಡ.

ಪದ ತುಂಬಿಸುವ ಚಾಳಿ ಮಕ್ಕಳದ್ದಷ್ಟೇ ಅಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ "ನಿನ್ನೆ ನಾವು ತೇರಿಗೆ ಹೋ..." ಅನ್ನುವಷ್ಟರಲ್ಲಿ ದೊಡ್ಡವರೆಲ್ಲ "ಹೋಗಿದ್ರಾ? ಬಂದ್ರಾ?" ಅಂತ ಮುಗಿಸಿಬಿಡುತ್ತೇವೆ. ಮಗು ಹೇಳಹೊರಟಿದ್ದು "ಹೋಗಲಿಲ್ಲ" ಅಂತಲೂ ಇರಬಹುದು. ಅದನ್ನು ತಿದ್ದಲು ಮತ್ತೊಮ್ಮೆ ಬಾಯಿ ತೆರೆಯುವ ಕಷ್ಟಕ್ಕಿಂತ ತಲೆಯಾಡಿಸಿ ಸುಮ್ಮನಾಗುವುದೇ ಮೇಲು ಅಂದುಕೊಳ್ಳುತ್ತದೆ.

"ನಿಧಾನ ಮಾತಾಡು", "ಉಸಿರು ಎಳ್ಕೊಂಡು ಹೇಳು", "ಮತ್ತೊಂದ್ಸಲ ಸರಿಯಾಗಿ ಹೇಳು" ಎಂಬ ಮೂರೂ ಬಿಡಿ. ದೀರ್ಘ ಉಸಿರೆಳೆದು ಮಗು ಅದನ್ನು ಹಾಗೇ ಹಿಡಿದುಕೊಳ್ಳುತ್ತದೆ. ಗಂಟಲು ಇನ್ನೂ ಬಿಗಿಯುತ್ತದೆ, ಸ್ವಲ್ಪ ದಿನಕ್ಕೆ ಆ ಉಸಿರೆಳೆತವೇ ತೊದಲಿನ ಭಾಗವಾಗಿಬಿಡುತ್ತದೆ. ಕಾಲು ನೆಲಕ್ಕೆ ಕುಟ್ಟುವುದು, ಮುಷ್ಟಿ ಬಿಗಿಯುವುದು, ಕಣ್ಣು ಮುಚ್ಚುವುದೂ ಹೀಗೇ ಅಂಟಿಕೊಂಡವು. ಒಮ್ಮೆ ಕೆಲಸ ಮಾಡಿದವು, ಆಮೇಲೆ ಮಾಡಲಿಲ್ಲ, ಆದರೂ ಉಳಿದವು. ಬದಲಿಗೆ ಮೇಷ್ಟ್ರೇ ನಿಧಾನವಾಗಲಿ. ಪ್ರಶ್ನೆ ಕೇಳಿ ಮನಸ್ಸಲ್ಲೇ ಐದರವರೆಗೆ ಎಣಿಸುವುದು, ಮಗು ಮುಗಿಸಿದ ಮೇಲೆ ಒಂದೆರಡು ಸೆಕೆಂಡ್ ಬಿಟ್ಟು ಉತ್ತರಿಸುವುದು, ಅವನು ಸಿಕ್ಕಿಕೊಂಡಾಗ ಮುಖ ನೋಡುತ್ತಲೇ ಇರುವುದು. ಬೋರ್ಡಿನ ಕಡೆ ತಿರುಗಬಾರದು, ರಿಜಿಸ್ಟರ್ ತೆರೆಯಬಾರದು. ತೊದಲಿನ ಒಂದೊಂದು ತಡೆ ಬಹುಪಾಲು ಒಂದೆರಡು ಸೆಕೆಂಡಿನದು, ಐದು ಸೆಕೆಂಡ್ ದಾಟುವುದು ಅಪರೂಪ. ನೋಡುವವರಿಗೆ ಅದು ಅರ್ಧ ನಿಮಿಷದಷ್ಟು ಉದ್ದ ಕಾಣುತ್ತದೆ. "40 ಮಕ್ಕಳಿದ್ದಾರೆ ಸಾರ್, ಇವನೊಬ್ಬನಿಗೆ ಟೈಮ್ ಎಲ್ಲಿ?" ಅನ್ನುವವರು ಒಮ್ಮೆ ಗಡಿಯಾರ ಇಟ್ಟು ನೋಡಬೇಕು. ದಿನಕ್ಕೆ ಎರಡು ಸಲ ಅವನನ್ನು ಮಾತಾಡಿಸಿದರೆ ಹೆಚ್ಚಿಗೆ ಹೋಗುವುದು ಒಂದು ನಿಮಿಷಕ್ಕಿಂತ ಕಡಿಮೆ.

ಗಡಿಯಾರದ ಮಾತು ಬಂದಿದ್ದರಿಂದ ಇನ್ನೊಂದು. ಚಿಕ್ಕ ತರಗತಿಗಳ ಓದು-ಲೆಕ್ಕಕ್ಕೆಂದು 2021ರಲ್ಲಿ ಬಂದ ಕೇಂದ್ರ ಸರ್ಕಾರದ ಯೋಜನೆ ನಿಪುಣ್ ಭಾರತ್‌ನ ಗುರಿಯಲ್ಲಿ ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥ ಮಾಡಿಕೊಂಡು ಓದಬೇಕು ಎಂದಿದೆ. ತೊದಲುವ ಮಗುವಿಗೆ ಗಡಿಯಾರ ಹಿಡಿದರೆ ಅಳೆದದ್ದು ತೊದಲನ್ನೇ ಹೊರತು ಓದನ್ನಲ್ಲ. ಪುಟವನ್ನು ಮೌನವಾಗಿ ಓದಿಸಿ, ಐದು ಪ್ರಶ್ನೆಗೆ ಬರೆದೋ ಬೆರಳಿಟ್ಟು ತೋರಿಸಿಯೋ ಉತ್ತರ ತೆಗೆದುಕೊಳ್ಳಿ. ಅದು ಸರಿಯಿದ್ದರೆ ಅವನ ಓದು ಸರಿಯಿದೆ. ಇದನ್ನು ಬರೆದಿಡದೆ ಬರೀ ಅಂಕಿ ತುಂಬಿದರೆ, ಚೆನ್ನಾಗಿ ಓದುವ ಮಗು "ನಿಧಾನ ಕಲಿಕೆ" ಪಟ್ಟಿಗೆ ಹೋಗಿ ಕೂರುತ್ತದೆ. ಹೋಗಿ ಕೂತ ಮಕ್ಕಳಿದ್ದಾರೆ.

ಅವನ ಹತ್ತಿರವೇ ಕೇಳಿ

ದೊಡ್ಡವರು ಈ ವಿಷಯ ಎತ್ತಲು ಹಿಂಜರಿಯುತ್ತಾರೆ, ಎತ್ತಿದರೆ ಮಗುವಿಗೆ ಗೊತ್ತಾಗಿಬಿಡುತ್ತದೆಂದು. ಅವನಿಗೆ ಗೊತ್ತಿಲ್ಲದೆ ಇಲ್ಲ. ಆಟದ ಪೀರಿಯಡ್ಡಿನಲ್ಲಿ, ಬೇರೆ ಯಾರೂ ಇಲ್ಲದಾಗ, ಅಕ್ಕಪಕ್ಕ ಕೂತು: "ಒಂದೊಂದ್ಸಲ ಮಾತು ಸಿಕ್ಕಾಕ್ಕೊಳ್ಳುತ್ತೆ ಅಲ್ವಾ ಮಗಾ? ಅದರಲ್ಲಿ ನಿಂದೇನೂ ತಪ್ಪಿಲ್ಲ. ಕ್ಲಾಸಲ್ಲಿ ನಾನು ಹೆಂಗೆ ಮಾಡಿದ್ರೆ ನಿಂಗೆ ಸುಲಭ?" ಅಂತ ಕೇಳಿದರೆ ಸಾಕು. ಅವತ್ತೇ ಉತ್ತರ ಬರುವುದಿಲ್ಲ. ಆಯ್ಕೆ ಕೊಡಿ: ಮೊದಲೇ ಕರೆಯಲಾ, ಕೊನೆಗಾ? ಕೈ ಎತ್ತಿದಾಗ ಮಾತ್ರವಾ? ಓದಬೇಕಾದ ಪ್ಯಾರಾ ಹಿಂದಿನ ದಿನವೇ ಹೇಳಲಾ? ಒಬ್ಬೊಬ್ಬರ ಉತ್ತರ ಒಂದೊಂದು. ಹೆಚ್ಚಿನ ಮಕ್ಕಳು ಮೊದಲೇ ಕರೆದುಬಿಡಿ ಅನ್ನುತ್ತಾರೆ, ಕಾಯುವ ಕಷ್ಟ ತಪ್ಪಲಿ ಎಂದು.

ಅಣಕಿಸುವವರ ವಿಚಾರದಲ್ಲಿ ಮಾತ್ರ ಯಾವ ಆಯ್ಕೆಯೂ ಬೇಡ, ಮೊದಲ ದಿನವೇ ತಡೆಯಬೇಕು. "ತೊದ್ಲ" ಅನ್ನುವ ಹೆಸರು ಮಕ್ಕಳಿಗಿಂತ ಮೊದಲು ಸ್ಟಾಫ್ ರೂಮಿನಲ್ಲಿ, ಬಿಸಿಯೂಟದ ಸಾಲಿನಲ್ಲಿ ದೊಡ್ಡವರ ಬಾಯಲ್ಲೇ ಬಳಕೆಯಾಗಿರುತ್ತದೆ.

ಬಜೆ, ಬೆಣಚುಕಲ್ಲು, ಕತ್ತರಿ

ನಮ್ಮ ಕಡೆ ಬಜೆ ಬೇರನ್ನು ಜೇನಿನಲ್ಲಿ ತೇಯ್ದು ನಾಲಿಗೆಗೆ ಹಚ್ಚದ ಮನೆ ಕಡಿಮೆ. ತೊದಲಿಗೆ ಅದರಿಂದ ಉಪಯೋಗವಿಲ್ಲ, ಹೆಚ್ಚಾದರೆ ವಾಂತಿ. ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಮಾತಾಡಿಸುವುದು ಅಪಾಯ, ಗಂಟಲಿಗಿಳಿದರೆ ಉಸಿರೇ ಕಟ್ಟುತ್ತದೆ. ನಾಲಿಗೆಯ ಕೆಳಗಿನ ಪೊರೆ ಕತ್ತರಿಸಿದರೆ ಸರಿಹೋಗುತ್ತದೆಂದು ಆಪರೇಷನ್‌ವರೆಗೆ ಹೋಗುವವರಿದ್ದಾರೆ. ಅಂಟಿದ ನಾಲಿಗೆ ಕೆಲವು ಅಕ್ಷರಗಳ ಉಚ್ಚಾರಕ್ಕೆ ತೊಡಕಾಗಬಹುದು, ತೊದಲಿಗೂ ಅದಕ್ಕೂ ಸಂಬಂಧವಿಲ್ಲ. ಮಾತ್ರೆಯೂ ಇಲ್ಲ.

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮನೆಯಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ದಾವಣಗೆರೆಯ ಎಷ್ಟೋ ಓಣಿಗಳಲ್ಲಿ ಉರ್ದು. "ಎರಡು ಭಾಷೆ ಸೇರಿ ಹೀಗಾಗಿದೆ, ಮನೆ ಭಾಷೆ ಬಿಡಿಸಿ" ಎಂಬ ಸಲಹೆ ಕೇಳಬೇಡಿ. ಬಿಡಿಸಿದರೆ ಮಗುವಿಗೆ ಅಜ್ಜಿಯ ಜೊತೆ ಮಾತಾಡುವುದೂ ತಪ್ಪುತ್ತದೆ, ತೊದಲು ಹೋಗುವುದಿಲ್ಲ. ಆದರೆ ಎರಡೂ ಭಾಷೆಯಲ್ಲಿ ಕೇಳಿ ನೋಡಿ. ನಿಜವಾದ ತೊದಲು ಸಾಮಾನ್ಯವಾಗಿ ಎರಡರಲ್ಲೂ ಇರುತ್ತದೆ. ಕನ್ನಡದಲ್ಲಿ ಮಾತ್ರ ತಡವರಿಸಿ ತೆಲುಗಿನಲ್ಲಿ ಪಟಪಟ ಅನ್ನುವ ಮಗುವಿಗೆ ಬೇಕಿರುವುದು ಬಹುಶಃ ಕನ್ನಡ ಕಲಿಕೆ.

ಮನೆಯಲ್ಲಿ ಮಾಡಬಹುದಾದ್ದು ದಿನಕ್ಕೆ ಐದು ನಿಮಿಷ, ವಾರಕ್ಕೆ ನಾಲ್ಕೈದು ದಿನ: ಟಿವಿ, ಮೊಬೈಲ್ ಬಂದ್ ಮಾಡಿ ಅಪ್ಪನೋ ಅಮ್ಮನೋ ಮಗುವಿನ ಜೊತೆ ಒಬ್ಬರೇ ಕೂತು, ಅದು ಆರಿಸಿದ ಆಟವಾಡುವುದು. ಪ್ರಶ್ನೆ ಕಡಿಮೆ, ತಿದ್ದುವುದು ಇಲ್ಲ, ನಮ್ಮ ಮಾತು ನಿಧಾನ. ಹಬ್ಬಕ್ಕೆ ನೆಂಟರು ಬಂದಾಗ "ಎಲ್ಲಿ, ಮಾಮಂಗೆ ಒಂದು ಪದ್ಯ ಹೇಳು" ಎಂದು ಮುಂದೆ ನಿಲ್ಲಿಸುವುದಂತೂ ಬೇಡವೇ ಬೇಡ.

ಎಲ್ಲಿಗೆ ಕರೆದೊಯ್ಯುವುದು

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರುತ್ತದೆ. ಸಾಲಿನಲ್ಲಿ ನಿಂತು ಬಾಯಿ ತೆರೆದು ಹಲ್ಲು ತೋರಿಸಿ ಹೋಗುವ ಎರಡು ನಿಮಿಷದಲ್ಲಿ ಯಾರ ತೊದಲೂ ಕಾಣುವುದಿಲ್ಲ. ಹಾಗಾಗಿ ಮೊದಲೇ ಹೆಸರು ಬರೆದುಕೊಟ್ಟು, ರೆಕಾರ್ಡಿಂಗ್ ಕೇಳಿಸಿ, ರೆಫರ್ ಮಾಡಿಸಿಕೊಳ್ಳಬೇಕು. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ. ದಾವಣಗೆರೆಯವರಿಗೆ ಚಿಗಟೇರಿ ಆಸ್ಪತ್ರೆ, ದುರ್ಗದವರಿಗೆ ಅಲ್ಲಿನದು. ಹೊರಡುವ ಮೊದಲು ವಾಕ್ ಚಿಕಿತ್ಸಕರು ಯಾವ ವಾರ ಇರುತ್ತಾರೆಂದು ಫೋನ್ ಮಾಡಿ ಕೇಳಿ, ಒಂದು ದಿನದ ಕೂಲಿ ಉಳಿಯುತ್ತದೆ. ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿರುವ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗುವ) ಶಿಕ್ಷಕರಿಗೂ ತಿಳಿಸಿ. ಇವೆಲ್ಲಕ್ಕೂ ಮೇಲೆ 1965ರಿಂದ ಇದೇ ಕೆಲಸಕ್ಕೆ ನಿಂತಿರುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ದೂರ, ವಾರವಾರ ಹೋಗಲಾಗದು, ಆದರೆ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ ಮನೆಯಲ್ಲಿ ಮಾಡುವ ಅಭ್ಯಾಸ ಕೇಳಿಕೊಂಡು ಬರಬಹುದು.

ಚಿಕಿತ್ಸಕರು ಶಾಲಾ ವಯಸ್ಸಿನ ಮಕ್ಕಳಿಗೆ ಹೇಳಿಕೊಡುವುದು ಪದದ ಮೊದಲಕ್ಷರಕ್ಕೆ ಮೆಲ್ಲಗೆ ಇಳಿಯುವುದು, 'ಪ' 'ಬ' 'ಮ'ಗಳಿಗೆ ತುಟಿ ಹಗುರ ತಾಗಿಸುವುದು, ಅಕ್ಷರಗಳನ್ನು ತುಸು ಎಳೆದು ಮಾತಾಡುವುದು, ವಾಕ್ಯವನ್ನು ಎರಡು ಮೂರು ಪದಗಳ ತುಂಡು ಮಾಡಿ ನಡುವೆ ನಿಲ್ಲುವುದು. ಕೋಣೆಯೊಳಗೆ ಎರಡೇ ವಾರಕ್ಕೆ ಬಂದುಬಿಡುತ್ತದೆ. ಕ್ಲಾಸಿನಲ್ಲಿ, ಅಂಗಡಿಯಲ್ಲಿ ಬರಲು ತಿಂಗಳುಗಟ್ಟಲೆ ಬೇಕು, ದಿನಕ್ಕೆ ಹತ್ತು ಹದಿನೈದು ನಿಮಿಷದ ಅಭ್ಯಾಸ ತಪ್ಪಬಾರದು. ಬೇಸಿಗೆ ರಜೆಯಲ್ಲಿ ಬಿಟ್ಟರೆ ಜೂನ್‌ಗೆ ಮೊದಲಿನ ಹಾಗೇ ಆಗಿರುತ್ತದೆ. "ಇಷ್ಟು ದಿನದಲ್ಲಿ ಪೂರ್ತಿ ಗುಣ, ಗ್ಯಾರಂಟಿ" ಎಂದು ದುಡ್ಡು ಕೇಳುವವರ ಬೋರ್ಡು ಕಂಡರೆ ಮುಂದೆ ನಡೆಯಿರಿ.

ಮಾರ್ಚ್ ಕೊನೆಗೆ, ಮುಂದಿನ ತರಗತಿಯ ಶಿಕ್ಷಕರಿಗೋ ಬೇರೆ ಶಾಲೆಗೋ ಮಗು ಹೋಗುವಾಗ, ಅರ್ಧ ಹಾಳೆ ಬರೆದು ಕೊಡಿ. ಅದರಲ್ಲಿ ಯಾವ ಅಕ್ಷರಗಳ ಮೇಲೆ ಕಟ್ಟಿಕೊಳ್ಳುತ್ತದೆ, ಮೊದಲೇ ಕರೆಯಬೇಕಾ ಕೈ ಎತ್ತಿದಾಗಲಾ, ಯಾರ ಜೊತೆ ಜೋಡಿ ಓದು ಚೆನ್ನಾಗಿ ಆಯಿತು, ತಾನಾಗಿ ಆಡಿದ ಮಾತು ದಿನಕ್ಕೆ ಎಷ್ಟಿತ್ತು ಎಷ್ಟಾಯಿತು, ಇಷ್ಟಿದ್ದರೆ ಸಾಕು. ಬರೆದದ್ದನ್ನು ಕೊಡುವ ಮೊದಲು ಅವನಿಗೇ ಓದಲು ಕೊಡಿ. ಏನಾದರೂ ಹೊಡೆದುಹಾಕಿ ಅಂದರೆ ಹೊಡೆದುಹಾಕಿ.